ಒಂದೇ ಕೀಲಿಯ ಆಟ

ನಾನು ಒಂದು ಕೀಬೋರ್ಡು. ಕಪ್ಪು ಬಣ್ಣದ, ಉದ್ದ ಬಾಲದ, ಸಾಧಾರಣ ಕೀಬೋರ್ಡು. ನಾನು ಹುಟ್ಟಿದ ಕಾರ್ಖಾನೆ ಯಾವ ದೇಶದ್ದೋ ನನಗೆ ತಿಳಿಯದು. ನೆನಪಿರುವುದು ಬಿಸಿ ಪ್ಲಾಸ್ಟಿಕ್ಕಿನ ವಾಸನೆ, ನನ್ನ ಕೀಲಿಗಳನ್ನು ಒಂದೊಂದಾಗಿ ಕೂರಿಸಿದ ಕೈಗಳು, ಕೊನೆಗೆ ಎಲ್ಲವನ್ನೂ ಸರಸರನೆ ಒತ್ತಿ ನೋಡಿದ ಒಬ್ಬ ಹೆಂಗಸು. ಅವಳ ಮುಖ ಸರಿಯಾಗಿ ನೋಡುವಷ್ಟರಲ್ಲಿ ನನ್ನನ್ನು ಡಬ್ಬಕ್ಕೆ ಹಾಕಿ ಮುಚ್ಚಿದರು. ಡಬ್ಬ ತೆರೆದಾಗ ನಾನು ಗದಗಿನಲ್ಲಿದ್ದೆ.

ಗದಗ ಬೆಟಗೇರಿಯಲ್ಲಿ ಪ್ರೆಸ್ಸುಗಳು ಬಹಳ. ನಾನು ಸೇರಿದ್ದು ಅಂಥದೊಂದು ಪ್ರೆಸ್ಸನ್ನು. ಮುಂದಿನ ಕೋಣೆಯಲ್ಲಿ ಕಂಪ್ಯೂಟರು, ಹಿಂದಿನ ಕೋಣೆಯಲ್ಲಿ ಆಫ್‌ಸೆಟ್ ಮಶೀನು. ಬಾಗಿಲ ಪಕ್ಕದ ಮೇಜಿನ ಮೇಲೆ ನನ್ನನ್ನು ಇಟ್ಟರು. ನನ್ನ ಮುಂದೆ ಕೂತವಳು ಶಶಿರೇಖಾ. ಮದುವೆ ಕಾರ್ಡು, ಪಾವತಿ ಪುಸ್ತಕ, ಶಾಲೆಯ ಪ್ರಶ್ನೆಪತ್ರಿಕೆ, ತೀರಿಹೋದವರ ಫೋಟೋದ ಕೆಳಗಿನ ನಾಲ್ಕು ಸಾಲು, ಎಲ್ಲವನ್ನೂ ಅವಳೇ ಟೈಪು ಮಾಡುತ್ತಿದ್ದಳು. ಅವಳ ಬೆರಳು ಹಗುರ. ಒತ್ತಿದ್ದೇ ತಿಳಿಯದಂತೆ ಒತ್ತುವಳು, ಆದರೂ ಅಕ್ಷರ ತಪ್ಪುತ್ತಿರಲಿಲ್ಲ. ಪ್ರೆಸ್ಸಿನ ಸಾಹುಕಾರರು ಬಾಯಿಬಿಟ್ಟು ಹೊಗಳುವವರಲ್ಲ; ಅವಳು ಮಾಡಿದ ಪ್ರೂಫನ್ನು ಮಾತ್ರ ಎರಡನೇ ಸಲ ಓದುತ್ತಿರಲಿಲ್ಲ.

ನಮ್ಮ ಕುಲದವರಿಗೆ ಒಂದು ಕೊರತೆ ಇದೆ. ಪರದೆ ಇರುವುದು ನಮ್ಮ ಬೆನ್ನ ಹಿಂದೆ. ಅಲ್ಲಿ ಏನು ಮೂಡಿತು, ಏನು ಅಳಿಯಿತು ನಮಗೆ ಕಾಣುವುದಿಲ್ಲ. ಕಾಣುವುದು ಕೂತವರ ಮುಖ, ಅದೂ ಕೆಳಗಿನಿಂದ. ಗದ್ದ, ಮೂಗಿನ ಹೊಳ್ಳೆ, ಅದರ ಮೇಲೆ ಎರಡು ಕಣ್ಣು. ನಾನು ಕಂಡ ಜಗತ್ತೆಲ್ಲ ಅದೇ.

ಒಂದು ದಿನ ಟ್ಯೂಷನ್ ಕ್ಲಾಸು ನಡೆಸುವವರೊಬ್ಬರು ತಮಗೆ ಇಂಟರ್ನೆಟ್ಟಿನಲ್ಲಿ ಒಂದು ಪುಟ ಮಾಡಿಕೊಡಿ ಎಂದು ಬಂದರು. ಪ್ರೆಸ್ಸಿನಲ್ಲಿ ಆ ಕೆಲಸ ಯಾರಿಗೂ ಬರುತ್ತಿರಲಿಲ್ಲ. ಶಶಿರೇಖಾ ಕಲಿತು ಮಾಡುತ್ತೇನೆ ಎಂದಳು, ಮಾಡಿದಳು. ಪುಟ ಮುಗಿಯಿತು, ಅವಳ ಕಲಿಕೆ ಮುಗಿಯಲಿಲ್ಲ. ಊಟದ ಬಿಡುವಿನಲ್ಲಿ ಬುತ್ತಿ ಮುಚ್ಚಿಟ್ಟು ಏನೋ ಬರೆಯುವಳು, ಬ್ರೌಸರ್ ತೆರೆದು ನೋಡುವಳು, ತಲೆ ಅಲ್ಲಾಡಿಸುವಳು, ಮತ್ತೆ ಬರೆಯುವಳು. ಆಗ ಅವಳು ಒತ್ತುತ್ತಿದ್ದ ಕೀಲಿಗಳೇ ಬೇರೆ. ಆವರಣದ ಗುರುತು, ಅರ್ಧವಿರಾಮ, ಸಮ, ಹೆಚ್ಚು, ಕಡಿಮೆ. ಮದುವೆ ಕಾರ್ಡಿನ ಕೆಲಸದಲ್ಲಿ ಯಾರೂ ಮುಟ್ಟದ ನನ್ನ ಮೂಲೆಗಳಿಗೆ ಆಗ ಕೆಲಸ ಸಿಕ್ಕಿತು. ಕೊನೆಗೊಂದು ಮಧ್ಯಾಹ್ನ ಅವಳ ಕಣ್ಣು ಎಡದಿಂದ ಬಲಕ್ಕೆ ಮೆಲ್ಲಗೆ ಸರಿದವು. ಪರದೆಯ ಮೇಲಿನ ಒಂದು ಚೌಕ ಅವಳು ಹೇಳಿದಂತೆ ಚಲಿಸಿತ್ತು.

ಹೀಗೆ ಅವಳ ಮೊದಲ ಆಟ ತಯಾರಾಯಿತು. ಮೇಲಿನಿಂದ ಅಕ್ಷರ ಬೀಳುತ್ತವೆ, ಕೆಳಗಿನ ಪೆಟ್ಟಿಗೆಯಲ್ಲಿ ಹಿಡಿಯಬೇಕು, ಅಷ್ಟೇ. ಆಡಿ ನೋಡಲು ಒಬ್ಬರು ಬೇಕಲ್ಲ. ಆ ಹೊತ್ತಿಗೆ ಪ್ರೂಫು ಒಯ್ಯಲು ಮೈಲಾರಪ್ಪ ಬಂದ.

ಮೈಲಾರಪ್ಪ ಹಿಂದಿನ ಕೋಣೆಯ ಆಫ್‌ಸೆಟ್ ಮಶೀನಿನವನು. ಹಾಳೆಯ ಕಟ್ಟನ್ನು ಎರಡು ಕೈಯಲ್ಲಿ ಹಿಡಿದು, ಬೀಸಣಿಗೆಯಂತೆ ಬಿಡಿಸಿ ಗಾಳಿಯಾಡಿಸಿ, ಮಶೀನಿಗೆ ಕೂರಿಸುವುದರಲ್ಲಿ ಅವನಷ್ಟು ಚುರುಕಿನವನು ಇನ್ನೊಬ್ಬನಿಲ್ಲ ಎಂದು ಪ್ರೆಸ್ಸಿನಲ್ಲಿ ಹೇಳುತ್ತಿದ್ದರು. ಆಟ ಆಡಿ ನೋಡಿ ಎಂದಾಗ ಅವನು ಮೊದಲು ಸೀಮೆಎಣ್ಣೆಯ ಬಟ್ಟೆಯಲ್ಲಿ ಕೈ ಒರೆಸಿಕೊಂಡ, ಆಮೇಲೆ ಅಂಗಿಗೆ ಒರೆಸಿಕೊಂಡ, ಆಮೇಲೆ ಯಾವುದನ್ನು ಒತ್ತಬೇಕೆಂದು ಕೇಳಿದ. ಅಷ್ಟು ಚುರುಕಿನ ಕೈ ಆಟದಲ್ಲಿ ಮಾತ್ರ ದಡ್ಡ. ಎಡಕ್ಕೆ ಹೋಗಬೇಕಾದಾಗ ಬಲಕ್ಕೆ ಒತ್ತುವನು. ಬೇಗ ಸೋತ. ಸೋತು, ಎದೆ ಕುಲುಕುವಂತೆ ನಕ್ಕ. ಶಶಿರೇಖಾ ಅವನನ್ನು ನೋಡಿದಳು. ಅವಳು ಪರದೆ ಬಿಟ್ಟು ಬೇರೆ ಕಡೆ ಅಷ್ಟು ಹೊತ್ತು ನೋಡಿದ್ದು ಅದೇ ಮೊದಲು.

ಅಲ್ಲಿಂದ ಅವಳು ಕಟ್ಟಿದ ಪ್ರತಿ ಆಟವನ್ನೂ ಮೊದಲು ಆಡಿದವನು, ಮೊದಲು ಸೋತವನು ಅವನೇ. ಎರಡೂ ಮನೆಯವರು ಒಂದಿಷ್ಟು ದಿನ ಮುಖ ಗಂಟು ಹಾಕಿಕೊಂಡು, ಆಮೇಲೆ ಒಪ್ಪಿದರು. ಮದುವೆಯ ಕಾರ್ಡನ್ನು ಅವಳೇ ನನ್ನ ಮೇಲೆ ಟೈಪು ಮಾಡಿದಳು, ಅವನೇ ಪ್ರಿಂಟು ಹಾಕಿದ. ಅದೊಂದರಲ್ಲಿ ಮಾತ್ರ ತಪ್ಪು ಉಳಿಯಿತು. ಮುಹೂರ್ತದ ಸಾಲಿನಲ್ಲಿ ‘ಬೆಳಿಗ್ಗೆ’ ಎರಡು ಸಲ ಬಂದಿತ್ತು. ಮಶೀನಿನ ಮುಂದೆ ನಿಂತ ಮೈಲಾರಪ್ಪ ಅದನ್ನು ನೋಡಿಯೂ ಸುಮ್ಮನೆ ಓಡಿಸಿದನಂತೆ. ಒಂದರ ಬದಲು ಎರಡು ಬೆಳಿಗ್ಗೆ ಸಿಕ್ಕರೆ ಒಳ್ಳೆಯದೇ ಎಂದನಂತೆ.

ಸಾಹುಕಾರರು ಹೊಸ ಕಂಪ್ಯೂಟರು ತರಿಸಿ ಹಳೆಯದನ್ನು ಅವರಿಗೆ ಉಡುಗೊರೆಯಾಗಿ ಕೊಟ್ಟರು. ಅದರ ಜೊತೆ ನಾನೂ ಬೆಟಗೇರಿಯ ಅವರ ಬಾಡಿಗೆ ಮನೆ ಸೇರಿದೆ.

ಮನೆಯಲ್ಲಿ ಮೂರನೆಯವಳು ಮೈಲಾರಪ್ಪನ ತಾಯಿ ಗುರುಬಸವ್ವ. ಆಕೆ ಜೋಳದ ಖಡಕ್ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುತ್ತಿದ್ದಳು. ದಿನವೂ ಬೆಳಿಗ್ಗೆ ಅಡುಗೆಮನೆಯಿಂದ ರೊಟ್ಟಿ ಬಡಿಯುವ ಸದ್ದು ನನ್ನ ಮೇಜಿನವರೆಗೆ ಬರುತ್ತಿತ್ತು. ಸೊಸೆ ಕಂಪ್ಯೂಟರಿನ ಮುಂದೆ ಕೂತರೆ ಪ್ರೆಸ್ಸಿನ ಕೆಲಸವೆಂದು ಆಕೆ ಮೊದಲು ತಿಳಿದಿದ್ದಳು. ಆಟವೆಂದು ಗೊತ್ತಾದ ಮೇಲೆ ಓಣಿಯ ಹೆಂಗಸರ ಮುಂದೆ, ಎರಡೂ ಸಣ್ಣ ಹುಡುಗರಂತೆ ಕೂತಿರುತ್ತವೆ ಎಂದು ಹೇಳಿಕೊಂಡು ತಿರುಗಿದಳು. ಮದುವೆಯಾಗಿ ಎರಡು ವರ್ಷ ಕಳೆದಾಗ ಎದುರಿಗೇ ಅಂದಳು:

“ಆಟ ಕಟ್ಟಿದ್ದು ಸಾಕು, ಇನ್ನ ತೊಟ್ಲ ಕಟ್ರಿ.”

ಶಶಿರೇಖಾ ನಕ್ಕಳು. ಅವಳ ಆಟಗಳು ಒಂದೊಂದಾಗಿ ಇಂಟರ್ನೆಟ್ಟಿಗೆ ಹೋದವು. ಯಾರು ಬೇಕಾದರೂ ಬಿಟ್ಟಿಯಾಗಿ ಆಡಬಹುದಿತ್ತು. ಆಡಿದವರು ಹೆಚ್ಚಿಲ್ಲ. ಅವಳಿಗೆ ಅದರ ಚಿಂತೆಯೂ ಇರಲಿಲ್ಲ. ಕುರಿಗಳನ್ನು ರೈಲ್ವೆ ಗೇಟು ದಾಟಿಸುವ ಆಟವೊಂದಿತ್ತು. ನಾಲ್ಕು ಬಾಣದ ಕೀಲಿಗಳಲ್ಲಿ ಕುರಿಗಳನ್ನು ಹಿಂದೆ ಮುಂದೆ ಅಕ್ಕಪಕ್ಕ ನಡೆಸಬೇಕು, ಗಾಡಿ ಬರುವುದರೊಳಗೆ ದಾಟಿಸಬೇಕು. ಅದು ಮೈಲಾರಪ್ಪನಿಗೆ ಎಲ್ಲಕ್ಕಿಂತ ಇಷ್ಟ. ದಿನವೂ ಪ್ರೆಸ್ಸಿನಿಂದ ಬಂದು, ಚಹಾ ಕುಡಿದು, ಒಂದಿಷ್ಟು ಕುರಿಗಳನ್ನು ಗಾಡಿಗೆ ಕೊಟ್ಟು, ನಕ್ಕು ಏಳುವನು.

ಅವನ ಬೆರಳು ಮೊದಲಿನಂತಿಲ್ಲ ಎಂದು ನನಗೆ ತಿಳಿದದ್ದು ಆ ಆಟದಲ್ಲೇ. ಬಲಗೈಯ ಬೆರಳು ಬಾಣದ ಕೀಲಿಯ ಮೇಲೆ ಬರುವುದು, ಒತ್ತುವುದು ತಡವಾಗುವುದು. ಒತ್ತಿದರೂ ಕೀಲಿ ಅರ್ಧಕ್ಕೆ ನಿಲ್ಲುವುದು. ಕುರಿಗಳು ಸಾಯುತ್ತಿದ್ದವು. ಅವನು ಮೊದಲಿನಿಂದಲೂ ಸೋಲುವವನಾದ್ದರಿಂದ ಮನೆಯಲ್ಲಿ ಯಾರಿಗೂ ಅನುಮಾನ ಬರಲಿಲ್ಲ. ಎಲ್ಲರೂ ನಗುತ್ತಿದ್ದರು, ಅವನೂ ನಗುತ್ತಿದ್ದ. ನನಗೆ ಹೇಳಲು ಬಾಯಿ ಇರಲಿಲ್ಲ.

ಆಮೇಲೊಂದು ದಿನ ಪ್ರೆಸ್ಸಿನಲ್ಲಿ ಹಾಳೆಯ ಕಟ್ಟು ಅವನ ಕೈಯಿಂದ ಜಾರಿತು. ಬಿಡಿಸಲು ಎತ್ತಿ ಹಿಡಿದಿದ್ದನಂತೆ, ಹಿಡಿದಲ್ಲೇ ಕೈ ಸೋತು ಹಾಳೆಗಳೆಲ್ಲ ನೆಲದ ತುಂಬ ಹರಡಿದವಂತೆ. ಆರಿಸಿಕೊಳ್ಳಲು ಬಗ್ಗಿದವನಿಗೆ ಒಂದು ಹಾಳೆಯನ್ನೂ ನೆಲದಿಂದ ಬಿಡಿಸಲಾಗಲಿಲ್ಲವಂತೆ. ಹುಬ್ಬಳ್ಳಿಯ ಡಾಕ್ಟರರು ನೋಡಿದರು, ಬೆಂಗಳೂರಿಗೆ ಕಳಿಸಿದರು. ಗಂಡ ಹೆಂಡತಿ ಅಲ್ಲಿಂದ ಮರಳಿದ ದಿನ ಮೈಲಾರಪ್ಪ ಒಳಗೆ ಹೋಗಿ ಮಲಗಿದ. ನನ್ನ ಮೇಜಿನ ಪಕ್ಕದಲ್ಲಿ ನಿಂತು ಶಶಿರೇಖಾ ಅತ್ತೆಗೆ ಎಲ್ಲವನ್ನೂ ಹೇಳಿದಳು. ಸ್ನಾಯು ಆಡಿಸುವ ನರಗಳು ಒಂದೊಂದಾಗಿ ಸಾಯುತ್ತವಂತೆ. ಕೈ ಹೋಗುತ್ತದೆ, ಕಾಲು ಹೋಗುತ್ತದೆ, ಮಾತು ಹೋಗುತ್ತದೆ, ಕೊನೆಗೆ ಉಸಿರು. ಬುದ್ಧಿ ಮಾತ್ರ ಹಾಗೇ ಇರುತ್ತದಂತೆ. ಔಷಧ ಇಲ್ಲವಂತೆ. ಗುರುಬಸವ್ವ ಕೇಳಿ ಮುಗಿಸಿ, ಒಳಗೆ ಹೋಗಿ, ನಾದಿಟ್ಟ ಹಿಟ್ಟಿನಿಂದ ರೊಟ್ಟಿ ಬಡಿಯತೊಡಗಿದಳು. ಆ ದಿನದ ರೊಟ್ಟಿ ಒಂದೂ ದುಂಡಗಾಗಲಿಲ್ಲ ಎಂದು ಖಾನಾವಳಿಯವರು ಮರುದಿನ ಹೇಳಿ ಕಳಿಸಿದರು.

ಶಶಿರೇಖಾ ಪ್ರೆಸ್ಸಿಗೆ ಹೋಗುವುದನ್ನು ಬಿಟ್ಟು ಕೆಲಸವನ್ನು ಮನೆಗೇ ತಂದಳು. ಟೈಪಿಂಗು ಮುಗಿದ ಮೇಲೆ ಗಂಡನ ಕುರ್ಚಿಯನ್ನು ನನ್ನ ಮುಂದೆ ಎಳೆದು ತರುವಳು. ನಾಲ್ಕು ಕೀಲಿ ಅವನಿಗೆ ಕಷ್ಟವಾದಾಗ ಎರಡೇ ಕೀಲಿಯ ಆಟ ಮಾಡಿದಳು. ಹುಬ್ಬಳ್ಳಿ ರಸ್ತೆಯಲ್ಲಿ ಒಂದು ಮೋಟಾರ್ ಸೈಕಲ್ಲು, ತಗ್ಗು ತಪ್ಪಿಸಿ ಎಡಕ್ಕೆ ಬಲಕ್ಕೆ ಹೊರಳಿಸಬೇಕು. ಎರಡು ಕೀಲಿಯೂ ಆಗದಿದ್ದಾಗ ಒಂದೇ ಕೀಲಿ ಉಳಿಯಿತು, ನನ್ನ ಕೆಳಗಿನ ಉದ್ದನೆಯ ಸ್ಪೇಸ್‌ಬಾರ್. ಒಂದು ಕಪ್ಪೆ ಓಡುತ್ತಿರುತ್ತದೆ, ನೀರಿನ ಗುಂಡಿ ಬಂದಾಗ ಒತ್ತಿದರೆ ಹಾರುತ್ತದೆ. ಅವನ ಕೈಯನ್ನು ಅವಳೇ ಎತ್ತಿ ನನ್ನ ಮೇಲೆ ಇಡುವಳು. ಕಪ್ಪೆ ಗುಂಡಿಗೆ ಬೀಳುವುದು. ಅವನು ನಗುವನು. ನಗು ಈಗ ನಾಲಿಗೆಗೆ ತೊಡರುತ್ತಿತ್ತು, ಮಾತೂ ತೊದಲುತ್ತಿತ್ತು. ಆದರೂ ಅದು ನಗುವೇ.

ಅವನು ನಕ್ಕಾಗ ಶಶಿರೇಖಾಳ ಮುಖ ನನಗೆ ಕಾಣುತ್ತಿತ್ತು. ಅವನು ಬೀಳುವುದನ್ನು ಅವಳಿಗೆ ಇನ್ನು ನೋಡಲಾಗುತ್ತಿರಲಿಲ್ಲ. ಒಂದು ದಿನ ಅವನು ಮಲಗಿದ್ದಾಗ ಅವಳು ಕಪ್ಪೆಯ ಆಟದೊಳಗೆ ಹೋಗಿ ಕೆಲವು ಸಾಲು ಸೇರಿಸಿದಳು. ಆ ಸಾಲುಗಳನ್ನು ಬರೆದದ್ದು ನನ್ನ ಮೇಲೇ. ಅವು ಏನು ಮಾಡುತ್ತವೆಂದು ಮರುದಿನ ತಿಳಿಯಿತು.

ಮರುದಿನ ಅವನ ಬೆರಳು ಸ್ಪೇಸ್‌ಬಾರಿನ ಮೇಲಿತ್ತು. ಅದು ನಡುಗಿತು, ಕೀಲಿ ಕೆಳಗೆ ಹೋಗಲಿಲ್ಲ. ಆದರೂ ಶಶಿರೇಖಾ ಚಪ್ಪಾಳೆ ತಟ್ಟಿ, ಹಾರಿತು ನೋಡ್ರಿ, ಎಂದಳು. ಮತ್ತೊಂದು ಗುಂಡಿ ಬಂತು. ಈ ಸಲ ಬೆರಳು ಅಲುಗಲೂ ಇಲ್ಲ. ಅವಳು ಮತ್ತೆ ಚಪ್ಪಾಳೆ ತಟ್ಟಿದಳು. ಹೀಗೆ ಕೊನೆಯವರೆಗೂ ನಡೆಯಿತು. ಎಂದೂ ಗೆಲ್ಲದವನು ಅಂದು ಗೆದ್ದ. ನಾನು ಅವನ ಮುಖ ನೋಡಿದೆ. ನಗು ಇರಲಿಲ್ಲ.

“ನಾ ಒತ್ತಿಲ್ಲ,” ಎಂದ. ತೊದಲು ಮಾತು, ಒಂದೊಂದೇ ಶಬ್ದ. “ಅದು ತಾನ ಹಾರೇತಿ.”

ಶಶಿರೇಖಾ ಇಲ್ಲವೆಂದಳು, ನೀವೇ ಒತ್ತಿದಿರಿ ಎಂದಳು. ಅವನು ಅವಳ ಮುಖವನ್ನೇ ನೋಡುತ್ತ ಕೂತ. ಅವಳು ಕಣ್ಣು ತಪ್ಪಿಸಿದಳು.

“ಗೆಲ್ಲಸಬ್ಯಾಡ ನನ್ನ,” ಎಂದ. “ಎಲ್ಲಾ ಹೋಗಾಕತ್ತೇತಿ. ಸೋಲಾದ್ರೂ ನಂದಿರ್ಲಿ.”

ಅವಳು ಅವನ ಕೈಯನ್ನು ನನ್ನ ಮೇಲಿಂದ ತೆಗೆದು ಅವನ ತೊಡೆಯ ಮೇಲೆ ಇಟ್ಟಳು. ಆಮೇಲೆ ಅದೇ ಕೈಯ ಮೇಲೆ ಹಣೆ ಇಟ್ಟು ಅತ್ತಳು. ಅವಳ ತಲೆ ಸವರಬೇಕೆಂದು ಅವನಿಗೆ ಅನಿಸಿರಬೇಕು; ಭುಜ ಸ್ವಲ್ಪ ಅಲುಗಿತು, ಕೈ ಏಳಲಿಲ್ಲ. ಗುರುಬಸವ್ವ ಬಾಗಿಲಲ್ಲಿ ನಿಂತು ನೋಡಿ ಹಿಂದಕ್ಕೆ ಸರಿದಳು.

ಅದಾದ ಮೇಲೆ ಬಹಳ ದಿನ ಅವನು ಆಟದ ಹೆಸರೆತ್ತಲಿಲ್ಲ. ಕುರ್ಚಿಯನ್ನು ಕಿಟಕಿಯ ಕಡೆ ತಿರುಗಿಸಲು ಹೇಳಿ ಕೂರುವನು. ಶಶಿರೇಖಾ ಪ್ರೆಸ್ಸಿನ ಕೆಲಸ ಮಾಡುವಳು, ಕೆಲಸ ಮುಗಿದರೂ ನನ್ನ ಮುಂದಿಂದ ಏಳಳು. ಬರೆಯುವಳು, ಅಳಿಸುವಳು. ಕೊನೆಗೆ ಅವಳು ಮಾಡಿದ್ದು ಕೊಕ್ಕರೆಯ ಆಟ. ಕೆರೆಯಲ್ಲಿ ಒಂದು ಕೊಕ್ಕರೆ ಒಂಟಿ ಕಾಲಲ್ಲಿ ನಿಂತಿದೆ. ಮೀನು ಬರುತ್ತದೆ. ಸರಿಯಾದ ಹೊತ್ತಿಗೆ ಒತ್ತಿದರೆ ಹಿಡಿಯುತ್ತದೆ, ತಪ್ಪಿದರೆ ನೀರು ಕುಕ್ಕುತ್ತದೆ. ಒತ್ತದಿದ್ದರೆ ಏನೂ ಆಗುವುದಿಲ್ಲ, ಮೀನು ಹೋಗುತ್ತದೆ, ಇನ್ನೊಂದು ಬರುತ್ತದೆ. ಗಡಿಯಾರ ಇಲ್ಲ, ಅಂಕ ಇಲ್ಲ. ಕೊಕ್ಕರೆಗೆ ಅವಸರವೇ ಇಲ್ಲ.

ಆಟದಲ್ಲಿ ಮೋಸ ಇಲ್ಲವೆಂದು ಅವಳು ಗಂಡನಿಗೆ ಹೇಳಿದಳು. ಬೇಕಾದರೆ ಎಲ್ಲ ಸಾಲನ್ನೂ ಓದಿ ತೋರಿಸುತ್ತೇನೆಂದಳು. ಓದಿಯೂ ಓದಿದಳು, ಒಂದೊಂದು ಸಾಲಿನ ಅರ್ಥವನ್ನೂ ಬಿಡಿಸಿ ಹೇಳುತ್ತ. ಅವನು ಪೂರ್ತಿ ಕೇಳಿ, ಕುರ್ಚಿ ತಿರುಗಿಸು ಎಂದು ಕಣ್ಣಲ್ಲೇ ಸನ್ನೆ ಮಾಡಿದ.

ಆ ಬೆರಳು ನನ್ನ ಮೇಲೆ ಮತ್ತೆ ಬಂತು. ಒಂದು ಸಲ ಒತ್ತಲು ಅವನಿಗೆ ಎಷ್ಟೋ ಹೊತ್ತು ಬೇಕಾಗುತ್ತಿತ್ತು. ಮೈಯಲ್ಲಿದ್ದ ಶಕ್ತಿಯೆಲ್ಲ ಬೆರಳಿನ ತುದಿಗೆ ಬರುವವರೆಗೆ ಕಾಯುವನು. ಹಣೆ ಬೆವರುತ್ತಿತ್ತು. ಎಷ್ಟೋ ಮೀನು ಬಂದು ಹೋದ ಮೇಲೆ ಕೀಲಿ ಕೆಳಗೆ ಹೋಗುವುದು. ಬಹಳ ಸಲ ಕೊಕ್ಕರೆ ಬರಿ ನೀರು ಕುಕ್ಕುವುದು. ಆಗ ಅವನ ಎದೆ ಮೊದಲಿನಂತೆ ಕುಲುಕುವುದು, ಸದ್ದು ಮಾತ್ರ ಬರುತ್ತಿರಲಿಲ್ಲ. ಮೊದಲ ಮೀನು ಸಿಕ್ಕ ದಿನ ಶಶಿರೇಖಾ ಚಪ್ಪಾಳೆ ತಟ್ಟಲಿಲ್ಲ. ಸುಮ್ಮನೆ ಅವನ ಹಣೆಯ ಬೆವರು ಒರೆಸಿದಳು.

ದಸರೆಯ ಹೊತ್ತಿಗೆ ಆ ಬೆರಳೂ ನಿಂತಿತು, ಮಾತೂ ನಿಂತಿತು. ಉಳಿದದ್ದು ಕಣ್ಣು. ಬೇಕಾದರೆ ಒಂದು ಸಲ ಮುಚ್ಚಿ ತೆರೆಯುವನು, ಬೇಡವಾದರೆ ಪಕ್ಕಕ್ಕೆ ಹೊರಳಿಸುವನು. ಆಟದ ಹೊತ್ತಾದರೆ ಅವನ ಕಣ್ಣು ನನ್ನ ಕಡೆಗೆ ಬರುತ್ತಿದ್ದವು. ಶಶಿರೇಖಾ ತಾನು ಒತ್ತಲೇ ಎಂದು ಕೇಳಿದಾಗ ಕಣ್ಣು ಪಕ್ಕಕ್ಕೆ ಹೊರಳಿದವು. ಅವಳು ಮತ್ತೆ ಕರುಣೆ ತೋರಿಸಿಬಿಡುತ್ತಾಳೆಂಬ ಭಯ ಅವನಿಗೆ ಹೋಗಿರಲಿಲ್ಲವೇನೋ. ಕಣ್ಣು ಅಡುಗೆಮನೆಯ ಕಡೆ ನೋಡಿದವು.

ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಗುರುಬಸವ್ವ ಬಂದು ಕೂತಳು. ಜೀವಮಾನದಲ್ಲಿ ಕಂಪ್ಯೂಟರು ಮುಟ್ಟಿದವಳಲ್ಲ. ರೊಟ್ಟಿ ಬಡಿದು ಗಟ್ಟಿಯಾದ ಅಂಗೈ ಅದು. ಮೊದಲ ಏಟಿಗೇ ನಾನು ಮೇಜಿನ ಮೇಲೆ ಜಿಗಿದೆ. ಮೀನು ಕಂಡ ಕೂಡಲೇ ಒತ್ತಿಬಿಟ್ಟಿದ್ದಳು, ಮಗ ಕಣ್ಣು ಮುಚ್ಚುವ ಮೊದಲೇ. ಕೊಕ್ಕರೆ ನೀರು ಕುಕ್ಕಿತು. ಮಗನ ಕಣ್ಣು ನಕ್ಕವು.

“ಅತ್ತಿ, ನೀವು ಅದನ್ನ ನೋಡಬ್ಯಾಡ್ರಿ,” ಎಂದಳು ಶಶಿರೇಖಾ. “ಅವರ ಕಣ್ಣಷ್ಟ ನೋಡ್ರಿ. ಮುಚ್ಚಿದಾಗ ಒತ್ರಿ.”

ಅಂದಿನಿಂದ ಗುರುಬಸವ್ವ ಪರದೆಯ ಪಕ್ಕದಲ್ಲಿ, ಮಗನಿಗೆ ಎದುರಾಗಿ ಕೂತಳು. ಮೀನು ಬಂತೋ ಹೋಯಿತೋ ಅವಳಿಗೆ ಗೊತ್ತಾಗುತ್ತಿರಲಿಲ್ಲ. ಅವಳ ಕೈ ನನ್ನ ಮೇಲೆ, ದೃಷ್ಟಿ ಮಗನ ಕಣ್ಣಿನೊಳಗೆ. ದಿನವೂ ಮಧ್ಯಾಹ್ನ ರೊಟ್ಟಿ ಮುಗಿಸಿ ಬಂದು ಹಾಗೆ ಕೂರುತ್ತಿದ್ದಳು. ಮಗ ದೊಡ್ಡವನಾದ ಮೇಲೆ ಯಾವ ತಾಯಿಗೂ ಅವನ ಕಣ್ಣನ್ನು ಅಷ್ಟು ಹೊತ್ತು ನೋಡಲು ಸಿಗುವುದಿಲ್ಲ. ಅವಳಿಗೆ ಸಿಕ್ಕಿತು, ಆ ರೀತಿಯಲ್ಲಿ. ತಡವಾಗಿ ಒತ್ತಿದರೆ ಮೀನು ತಪ್ಪುತ್ತಿತ್ತು, ಆಗ ತಾಯಿ ಮಗ ಇಬ್ಬರೂ ಸೋಲುತ್ತಿದ್ದರು. ಶಶಿರೇಖಾ ಹಿಂದೆ ನಿಂತು ಇಬ್ಬರನ್ನೂ ನೋಡುತ್ತಿದ್ದಳು.

ಚಳಿ ಮುಗಿಯುತ್ತ ಬಂದಾಗ ಒಂದು ಬೆಳಿಗ್ಗೆ ಅವನಿಗೆ ಉಸಿರು ಸಾಲದಾಯಿತು. ಓಣಿಯ ಜನ ಬಂದು ಎತ್ತಿ ಆಸ್ಪತ್ರೆಗೆ ಒಯ್ದರು. ಮನೆ ಹಾಗೇ ತೆರೆದು ಬಿದ್ದಿತ್ತು. ನಾನು ಮೇಜಿನ ಮೇಲಿದ್ದೆ. ಯಾರೋ ಬಂದು ಕದ ಎಳೆದುಕೊಂಡು ಹೋದರು. ಆಮೇಲೆ ಮನೆ ತುಂಬ ಜನ ಬಂದರು, ಕುರ್ಚಿಗಳನ್ನು ಹೊರಗೆ ಹಾಕಿದರು, ಒಂದು ತುಂಬಿದ ತಂಬಿಗೆಯನ್ನು ತಂದು ನನ್ನ ಮೇಲೆ ಇಟ್ಟರು. ಅದರ ಭಾರದಿಂದ ನನ್ನ ಕೀಲಿಗಳು ಒಂದಿಷ್ಟು ಹಾಗೇ ಒತ್ತಿಕೊಂಡಿದ್ದವು. ಒಳಗಿನಿಂದ ಗುರುಬಸವ್ವನ ದನಿ ಕೇಳಿದಾಗ ನನಗೆ ಎಲ್ಲವೂ ತಿಳಿಯಿತು.

ಶ್ರದ್ಧಾಂಜಲಿಯ ಹಾಳೆಯನ್ನು ಪ್ರೆಸ್ಸಿನವರೇ ಮಾಡಿಕೊಡುತ್ತೇವೆಂದರು. ಶಶಿರೇಖಾ ಒಪ್ಪಲಿಲ್ಲ. ತಾನೇ ಕೂತು ಟೈಪು ಮಾಡಿದಳು. ಹೆಸರು, ಊರು, ಹುಟ್ಟಿದ್ದು, ತೀರಿದ್ದು. ತಪ್ಪಿಲ್ಲದೆ ಮಾಡಿದಳು.

ತಿಂಗಳುಗಳು ಹೋದವು. ಹಳೆಯ ಕಂಪ್ಯೂಟರು ಕೆಟ್ಟಿತು, ಅವಳು ಲ್ಯಾಪ್‌ಟಾಪು ತಂದಳು. ಅದಕ್ಕೆ ಅದರದೇ ಕೀಲಿಗಳಿದ್ದವು, ಆದರೂ ನನ್ನ ಬಾಲವನ್ನು ಅದಕ್ಕೆ ಚುಚ್ಚಿ ನನ್ನನ್ನೇ ಮುಂದಿಟ್ಟುಕೊಂಡಳು. ಅವಳ ಕೊಕ್ಕರೆಯ ಆಟದ ಕೆಳಗೆ ಯಾರೋ ಅಪರಿಚಿತರು ಒಂದು ಮಾತು ಬರೆದಿದ್ದರು. ಅದನ್ನು ಅವಳು ಅತ್ತೆಗೆ ಓದಿ ಹೇಳಿದಳು: ‘ಬಹಳ ನಿಧಾನದ ಆಟ. ಕೂತು ಕೂತು ನಿದ್ದೆ ಬಂತು.’ ಅತ್ತೆ ಸೊಸೆ ಮುಖ ಮುಖ ನೋಡಿಕೊಂಡರು. ಮೊದಲು ನಕ್ಕವಳು ಗುರುಬಸವ್ವ. ಇಬ್ಬರೂ ನಕ್ಕರು, ಆ ನಗು ಎಲ್ಲಿ ಅಳುವಾಯಿತೋ ನನಗೆ ತಿಳಿಯಲಿಲ್ಲ.

ಶಶಿರೇಖಾ ಉತ್ತರ ಬರೆಯಲು ಕೂತಳು. ಬಹಳ ಬರೆದಳು. ಪ್ರೆಸ್ಸು, ಹಾಳೆಯ ಕಟ್ಟು, ಬೆರಳು, ಕಣ್ಣು, ಎಲ್ಲವೂ ನನ್ನ ಮೇಲಿಂದ ಹಾದು ಹೋದವು. ಆಮೇಲೆ ಎಲ್ಲವನ್ನೂ ಅಳಿಸಿದಳು. ಕೊನೆಗೆ ಅವಳು ಕಳಿಸಿದ್ದು ಇಷ್ಟೇ: ‘ಹೌದು, ನಿಧಾನ ಇದೆ.’

ಆಮೇಲೆ ಅವಳು ಹೊಸ ಆಟ ಕಟ್ಟಲಿಲ್ಲ. ಪ್ರೆಸ್ಸಿನ ಕೆಲಸವೂ ಹಿಂದೆ ಬಿತ್ತು. ಮಧ್ಯಾಹ್ನವಾದರೆ ಕೊಕ್ಕರೆಯ ಆಟ ತೆರೆದು ನನ್ನ ಮುಂದೆ ಕೂರುವಳು. ಕೈ ಮಡಿಲಲ್ಲಿ ಇರುತ್ತಿತ್ತು. ನನ್ನನ್ನು ಮುಟ್ಟುತ್ತಿರಲಿಲ್ಲ. ಮೀನು ಬಂದು ಹೋಗುವುದು ಅವಳ ಕಣ್ಣಿನಲ್ಲೇ ನನಗೆ ಕಾಣುತ್ತಿತ್ತು. ಸಾಹುಕಾರರು ಹೇಳಿ ಕಳಿಸಿದರು, ತವರಿನವರು ಬಂದು ಬುದ್ಧಿ ಹೇಳಿದರು. ಅವಳು ಎಲ್ಲದಕ್ಕೂ ಹೂಂ ಎಂದು, ಮಧ್ಯಾಹ್ನ ಮತ್ತೆ ಬಂದು ಕೂರುವಳು. ಗುರುಬಸವ್ವ ಒಲೆಯ ಮುಂದಿನಿಂದ ಇದನ್ನು ನೋಡುತ್ತಿದ್ದಳು.

ಒಂದು ದಿನ ಸಾಹುಕಾರರೇ ಬಂದು ಶಶಿರೇಖಾಳನ್ನು ಒತ್ತಾಯ ಮಾಡಿ ಪ್ರೆಸ್ಸಿಗೆ ಕರೆದುಕೊಂಡು ಹೋದರು. ಅವಳು ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿಕೊಂಡಳು, ನನ್ನನ್ನು ಮೇಜಿನ ಮೇಲೆ ಬಿಟ್ಟಳು. ಅವಳು ಓಣಿ ದಾಟಿರಬೇಕು, ಅಷ್ಟರಲ್ಲಿ ಗುಜರಿಯವನ ಗಾಡಿ ಬಂತು. ಗುರುಬಸವ್ವ ನನ್ನನ್ನು ಎತ್ತಿಕೊಂಡು, ಸೆರಗಿನಿಂದ ಧೂಳು ಒರೆಸಿ, ಹೊರಗೆ ಬಂದಳು.

ಗುಜರಿಯವನು ನನ್ನನ್ನು ತಿರುಗಿಸಿ ಮುರುಗಿಸಿ ನೋಡಿ ಕೇಳಿದ:

“ಏನಾಗೇತಬೇ ಇದಕ್ಕ?”

“ಏನೂ ಆಗಿಲ್ಲಪ್ಪಾ, ಚಲೋನ ಐತಿ,” ಎಂದಳು ಗುರುಬಸವ್ವ. “ಒತ್ತಾಂವ ಇಲ್ಲ. ಮನ್ಯಾಗಿದ್ರ ನನ್ನ ಸೊಸಿ ಇದರ ಮುಂದ ಕುಂತು ಸಾಯ್ತಾಳ. ಒಯ್ದುಬಿಡು.”

ಈಗ ನಾನು ರೈಲು ಹಳಿಯ ಆಚೆಯ ಒಂದು ಗುಜರಿ ಅಂಗಡಿಯಲ್ಲಿದ್ದೇನೆ. ಸುತ್ತ ಒಡೆದ ಬಕೆಟ್ಟು, ಕೂಲರಿನ ರೆಕ್ಕೆ, ತುಕ್ಕು ಹಿಡಿದ ತಗಡು. ಮಳೆ ಬಂದಾಗ ಕೀಲಿಗಳ ಸಂದಿಯಲ್ಲಿ ನೀರು ನಿಲ್ಲುತ್ತದೆ. ಪ್ಲಾಸ್ಟಿಕ್ಕು ಬೇರೆ ಮಾಡುವವರು ನನ್ನ ಪಕ್ಕದವರೆಗೆ ಬಂದಿದ್ದಾರೆ. ಅಂದು ಸಂಜೆ ಶಶಿರೇಖಾ ಬಂದು ಖಾಲಿ ಮೇಜು ನೋಡಿ ಏನಂದಳೋ, ಅತ್ತೆಯೊಡನೆ ಜಗಳವಾಡಿದಳೋ, ಆಮೇಲೆ ಮತ್ತೆ ಬರೆಯಲು ಕೂತಳೋ, ನನಗೆ ತಿಳಿಯುವ ದಾರಿಯಿಲ್ಲ. ಆಟ ಇದ್ದದ್ದು ಲ್ಯಾಪ್‌ಟಾಪಿನಲ್ಲಿ, ನನ್ನಲ್ಲಲ್ಲ; ಅದು ಮುದುಕಿಗೆ ತಿಳಿದಿತ್ತೋ ಇಲ್ಲವೋ. ಆಕೆ ಮಾಡಿದ್ದು ಸರಿಯೋ ತಪ್ಪೋ ಎಂದು ಬಹಳ ಯೋಚಿಸಿದ್ದೇನೆ. ಆಕೆಯ ಮೇಲೆ ನನಗೆ ಸಿಟ್ಟಿಲ್ಲ. ಸೊಸೆಯನ್ನು ಉಳಿಸಿಕೊಳ್ಳಲು ಕೊಟ್ಟಳು, ಆದರೆ ಮಗನ ಕಣ್ಣು ನೋಡುತ್ತ ಕೂತ ತನ್ನ ಮಧ್ಯಾಹ್ನಗಳನ್ನೂ ಕೊಟ್ಟಳು. ಒಯ್ದುಬಿಡು ಎಂದು ಬಾಯಲ್ಲಿ ಹೇಳಿದ ಮೇಲೂ ಆಕೆಯ ಅಂಗೈ ನನ್ನ ಸ್ಪೇಸ್‌ಬಾರಿನ ಮೇಲೇ ಇತ್ತು, ಒತ್ತದೆ, ಸುಮ್ಮನೆ. ಗಾಡಿಯವನಿಗೆ ಇನ್ನೂ ನಾಲ್ಕು ಓಣಿ ತಿರುಗುವುದಿತ್ತು. ಆದರೂ ಅವನು ಎಳೆದುಕೊಳ್ಳಲಿಲ್ಲ. ಆ ಕೈ ತಾನಾಗಿ ಏಳುವವರೆಗೆ ನಿಂತ.